ಪುಸ್ತಕ ಕೊಟ್ಟರಷ್ಟೇ ಸಾಕೆ?

"ನಿಮ್ಮ ಮಗಳು ಕನ್ನಡ ಓದ್ತಾಳೇನ್ರೀ?" ಎಂದು ಯಾರಾದರೂ ಕೇಳಿದರೆ, "ಓ... ಗಡಗಡ ಅಂತ ಓದ್ತಾಳೆ" ಎಂದು ಬೀಗುತ್ತಿದ್ದವಳು ನಾನು. ಹೋದ ವರ್ಷ ಮಳೆಗಾಲದ ಒಂದು ಸಂಜೆ ಆ ಜಂಬವೆಲ್ಲ ಇಳಿದುಹೋಯಿತು.

ನಾನು ಚಪಾತಿ ಲಟ್ಟಿಸುತ್ತಿದ್ದೆ. ಎರಡನೇ ಕ್ಲಾಸಿನ ಮಗಳು ಅಡುಗೆಮನೆಯ ಹೊಸ್ತಿಲ ಬಳಿ ಕೂತು ಶಾಲೆಯ ಪುಸ್ತಕ ಓದುತ್ತಿದ್ದಳು. ಧ್ವನಿ ಸ್ಪಷ್ಟ, ಒಂದು ತಪ್ಪಿಲ್ಲ. ಸುಮ್ಮನೆ ತಿರುಗಿ ನೋಡಿದೆ. ಅವಳ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು! ಬೆರಳು ಮಾತ್ರ ಪುಸ್ತಕದ ಮೇಲೆ. ಬಾಯಿ ಮೂರನೇ ಸಾಲು ಹೇಳುತ್ತಿದ್ದರೆ ಬೆರಳು ಐದನೇ ಸಾಲಿನಲ್ಲಿತ್ತು. ಪುಸ್ತಕ ಕಸಿದುಕೊಂಡು ಇನ್ನೂ ಹೇಳಿಕೊಡದ ಪುಟವೊಂದನ್ನು ತೆಗೆದು, "ಎಲ್ಲಿ, ಇದನ್ನ ಓದು ನೋಡೋಣ" ಎಂದೆ. ಮೊದಲ ಪದವೇ ದಾಟಲಿಲ್ಲ. ಕಣ್ಣಲ್ಲಿ ನೀರು.

ನಿಜ ಹೇಳುತ್ತೇನೆ, ಬೆನ್ನಿಗೊಂದು ಕೊಟ್ಟೆ. ಆ ರಾತ್ರಿ ಅವಳು ಊಟ ಮಾಡದೆ ಮಲಗಿದಳು. ನನಗೂ ನಿದ್ದೆ ಬರಲಿಲ್ಲ. ಮಗು ಇಷ್ಟು ದಿನ ನನ್ನನ್ನು ಮೆಚ್ಚಿಸೋಕೆ ಓದಿದ ಹಾಗೆ ಮಾಡುತ್ತಿತ್ತಲ್ಲ, ಅದು ನನಗೆ ಗೊತ್ತಾಗಲೇ ಇಲ್ಲವಲ್ಲ!

ಮರುದಿನ ಶಾಲೆಗೆ ಹೋದೆ. ನಮ್ಮ ಬೀದಿಯ ತುದಿಯಲ್ಲಿರುವ ಸರ್ಕಾರಿ ಶಾಲೆ ಅದು. ಟೀಚರ್ ಜೊತೆ ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ ಅನ್ನಿ. ಅವರು ಸಮಾಧಾನದಿಂದ ಕೇಳಿಸಿಕೊಂಡು, "ನಿಮ್ಮ ಮಗಳೊಬ್ಬಳೇ ಅಲ್ಲ ಮೇಡಂ, ಅರ್ಧ ಕ್ಲಾಸು ಹೀಗೇ ಇದೆ. ಕೇಳಿ ಕೇಳಿ ಬಾಯಿಪಾಠ ಆಗಿರುತ್ತೆ. ಮಗು ತಾನೊಂದೇ ಪುಸ್ತಕ ಹಿಡಿದು ಕೂತು ಓದೋ ಹೊತ್ತು ಇಡೀ ದಿನದಲ್ಲಿ ಎಲ್ಲಿದೆ ಹೇಳಿ? ನಾನು ಒಬ್ಬಳು, ಮಕ್ಕಳು ಇಪ್ಪತ್ತೆಂಟು. ನೀವೇ ದಿನಾ ಅರ್ಧ ಗಂಟೆ ಬಂದರೆ ಏನಾದ್ರೂ ಮಾಡೋಣ" ಅಂದರು.

ಒಪ್ಪಿಕೊಂಡೆ. ಈ ಲೇಖನ ಆ ಅರ್ಧ ಗಂಟೆಯ ಕಥೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಾಠ ಮಾಡುವ ಟೀಚರುಗಳಿಗೆ, ಎಸ್‌ಡಿಎಂಸಿಯಲ್ಲಿರುವ ಅಮ್ಮಂದಿರಿಗೆ, ಮನೆಯಲ್ಲೇ ಮಗುವಿಗೆ ಓದಿನ ರೂಢಿ ಹಚ್ಚಬೇಕೆನ್ನುವವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಬೀರುವಿನ ಬೀಗ

ನಮ್ಮದು ನಲಿ-ಕಲಿ ಕೋಣೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009ರ ನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ ಇದು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಗೋಡೆಯ ಕೆಳಗೆ ಮಕ್ಕಳ ಕೈಗೆಟಕುವ ಕಪ್ಪುಹಲಗೆ, ಗುಂಪು ಗುಂಪಾಗಿ ಕೂತು ಕಾರ್ಡು ಹಿಡಿದು ಕಲಿಯುವುದು. ಟೀಚರ್ ಸಹಾಯದಿಂದ ಕಲಿಯುವ ಗುಂಪು, ಗೆಳೆಯರ ಸಹಾಯದಿಂದ ಕಲಿಯುವ ಗುಂಪು, ತಾನೇ ಕಲಿಯುವ ಗುಂಪು ಎಂದೆಲ್ಲ ಇರುತ್ತದೆ. ಆದರೆ ಕಾರ್ಡು ಓದುವುದು ಬೇರೆ, ಕಥೆ ಪುಸ್ತಕವೊಂದನ್ನು ತಾನೇ ಆರಿಸಿಕೊಂಡು ಕೂರುವುದು ಬೇರೆ.

"ಕಥೆ ಪುಸ್ತಕ ಇಲ್ವಾ ಟೀಚರ್?" ಎಂದೆ. "ಇವೆಯಲ್ಲ, ಬೀರುವಿನಲ್ಲಿ" ಎಂದರು. ಬೀರುವಿಗೆ ಬೀಗ. ಬೀಗದ ಕೈ ಹೆಡ್‌ಮಾಷ್ಟ್ರ ಮೇಜಿನ ಡ್ರಾಯರಿನಲ್ಲಿ. ಅವರು ಕೆಟ್ಟವರೇನಲ್ಲ. "ನೋಡಿ ಅಮ್ಮಾ, ಸ್ಟಾಕ್ ಬುಕ್ಕಿನಲ್ಲಿ ಇಷ್ಟು ಪುಸ್ತಕ ಅಂತ ಇದೆ. ನಾಳೆ ಎಣಿಸುವಾಗ ಹತ್ತು ಕಮ್ಮಿ ಬಂದ್ರೆ ನನ್ನ ತಲೆಗೆ ಬರುತ್ತೆ" ಎಂದರು. ಅವರ ಭಯ ಸುಳ್ಳಲ್ಲ. ಎಷ್ಟೋ ಶಾಲೆಗಳಲ್ಲಿ ಪುಸ್ತಕಗಳು ಹೊಸದಾಗಿಯೇ ಹಳೆಯದಾಗುವುದು ಇದೇ ಕಾರಣಕ್ಕೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ಕಥೆ ಪುಸ್ತಕಗಳೂ ಇರಬೇಕು ಎಂದಿದೆ. ಅದನ್ನು ಬರೆದುಕೊಂಡು ಹೋಗಿ ಎಸ್‌ಡಿಎಂಸಿ ಸಭೆಯಲ್ಲಿ ಮಾತಾಡಿದೆವು. ಜಗಳ ಆಡಲಿಲ್ಲ. "ಮಕ್ಕಳು ಬಳಸಿ ಹರಿದ ಪುಸ್ತಕಕ್ಕೆ ಮುಖ್ಯೋಪಾಧ್ಯಾಯರನ್ನು ಹೊಣೆ ಮಾಡುವುದಿಲ್ಲ, ಸಮಿತಿ ಅದನ್ನು ಪ್ರತಿ ತಿಂಗಳು ದಾಖಲಿಸಿಕೊಳ್ಳುತ್ತದೆ" ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಮರುದಿನವೇ ಬೀಗದ ಕೈ ಟೀಚರ್ ಕೈಗೆ ಬಂತು. ನಿಮ್ಮ ಶಾಲೆಯಲ್ಲೂ ಬೀರುವಿಗೆ ಬೀಗವಿದ್ದರೆ ಈ ಉಪಾಯ ಮಾಡಿ ನೋಡಿ.

ಹಣೆಯ ಸ್ಟಿಕ್ಕರ್ ಪುಸ್ತಕಕ್ಕೆ!

ಬೀರುವಿನಿಂದ ನೂರಾ ಹದಿನಾಲ್ಕು ಪುಸ್ತಕ ಹೊರಗೆ ಬಂದವು. ಈಗ ಯಾವ ಮಗುವಿಗೆ ಯಾವ ಪುಸ್ತಕ?

ಇಲ್ಲಿ ನಮ್ಮ ಕನ್ನಡದ ಒಂದು ವಿಶೇಷ ತಿಳಿದುಕೊಳ್ಳಬೇಕು. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅಷ್ಟಕ್ಕೇ ಮುಗಿಯುವುದಿಲ್ಲ, 34 ವ್ಯಂಜನಕ್ಕೂ ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಅದರ ಮೇಲೆ ಒತ್ತಕ್ಷರ! ಕನ್ನಡದ ಮಕ್ಕಳು ಓದು ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಷ್ಟೊಂದು ಚಿಹ್ನೆಗಳಿರುವುದರಿಂದ ಅಕ್ಷರ ಕಲಿಕೆ ನಮ್ಮಲ್ಲಿ ನಿಧಾನವಾಗಿ ಸಾಗುತ್ತದೆ, ಅದು ಮೊದಲ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ ಎಂದು ತೋರಿಸಿದ್ದಾರೆ. ಇದನ್ನು ಓದಿದಾಗ ಮಗಳ ಬೆನ್ನಿಗೆ ಕೊಟ್ಟ ಏಟು ನೆನಪಾಗಿ ಸಂಕಟವಾಯಿತು. ಎರಡನೇ ಕ್ಲಾಸಿನಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಗು ದಡ್ಡ ಮಗು ಅಲ್ಲವೇ ಅಲ್ಲ.

ಹಾಗಾಗಿ ನಾವು ಪುಸ್ತಕಗಳನ್ನು ತರಗತಿ ನೋಡಿ ವಿಂಗಡಿಸಲಿಲ್ಲ, ಒತ್ತಕ್ಷರ ನೋಡಿ ವಿಂಗಡಿಸಿದೆವು. ಫ್ಯಾನ್ಸಿ ಸ್ಟೋರಿನಿಂದ ಹಣೆಗಿಡುವ ಬಣ್ಣದ ಸ್ಟಿಕ್ಕರ್ ತಂದು ಪುಸ್ತಕದ ಮೂಲೆಗೆ ಅಂಟಿಸಿ, ಕೀಳದಂತೆ ಮೇಲೆ ಸೆಲ್ಲೋ ಟೇಪು ಹಾಕಿದೆವು.

ಹಸಿರು: ದೊಡ್ಡ ಚಿತ್ರ, ಪುಟಕ್ಕೆ ಒಂದೆರಡು ಸಾಲು. ಮರ, ಆನೆ, ಬಾಳೆ, ಗಾಡಿ ಇಂಥ ಪದಗಳೇ ಹೆಚ್ಚು. ಒತ್ತಕ್ಷರವೇ ಇಲ್ಲದ ಪುಸ್ತಕ ಸಿಗೋದು ಕಷ್ಟ, ಅಲ್ಲೊಂದು ಇಲ್ಲೊಂದು ಇದ್ದರೂ ಹಸಿರೇ.

ಹಳದಿ: ಅಮ್ಮ, ಹಣ್ಣು, ಬೆಕ್ಕು, ಕಪ್ಪೆ ಹೀಗೆ ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳು ಧಾರಾಳವಾಗಿ ಇರುವಂಥವು.

ಕೆಂಪು: ಪುಸ್ತಕ, ಚಂದ್ರ, ರಾತ್ರಿ ಹೀಗೆ ಬೇರೆ ಅಕ್ಷರದ ಒತ್ತು ಬರುವ, ಸಾಲು ಉದ್ದವಿರುವ ಪುಸ್ತಕಗಳು.

ಇಡೀ ವಿಂಗಡಣೆಗೆ ನಾಲ್ಕು ಜನ ಅಮ್ಮಂದಿರಿಗೆ ಎರಡು ಮಧ್ಯಾಹ್ನ ಸಾಕಾಯಿತು. ಟೊಮೆಟೊ ತರುವ ಪ್ಲಾಸ್ಟಿಕ್ ಕ್ರೇಟ್ ತೊಳೆದು ಮೂರು ಬಣ್ಣಕ್ಕೆ ಮೂರು ಇಟ್ಟೆವು. ಉಳಿದವನ್ನು ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಮುಖಪುಟ ಕಾಣುವ ಹಾಗೆ ನೇತುಹಾಕಿದೆವು. ಮಕ್ಕಳು ಪುಸ್ತಕವನ್ನು ಆರಿಸುವುದು ಮುಖಪುಟ ನೋಡಿ. ಬೆನ್ನು ಮಾತ್ರ ಕಾಣುವಂತೆ ಜೋಡಿಸಿಟ್ಟರೆ ಅವರ ಪಾಲಿಗೆ ಅದು ಇಲ್ಲದ ಹಾಗೇ.

ಮೊದಲ ದಿನ ಬರೀ ಮೂರು ನಿಮಿಷ

ನಾನು ಏನೆಂದುಕೊಂಡಿದ್ದೆ ಗೊತ್ತಾ? ಪುಸ್ತಕ ಕೈಗೆ ಕೊಟ್ಟರೆ ಮಕ್ಕಳು ಓದುತ್ತಾ ಕೂರುತ್ತಾರೆ ಅಂತ! ಮೊದಲ ದಿನ ಅರ್ಧ ಗಂಟೆ ಬಿಟ್ಟೆವು. ಐದನೇ ನಿಮಿಷಕ್ಕೆ ಇಬ್ಬರು ಒಂದೇ ಪುಸ್ತಕಕ್ಕೆ ಎಳೆದಾಟ, ಒಬ್ಬಳು ನೀರು ಕುಡಿಯೋಕೆ, ಇನ್ನೊಬ್ಬ ಪುಸ್ತಕವನ್ನು ಟೋಪಿ ಮಾಡಿಕೊಂಡು ಕುಣಿತ. ಟೀಚರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ಆಮೇಲೆ ತಿಳಿದದ್ದು, ಪುಸ್ತಕದ ಜೊತೆ ಒಂಟಿಯಾಗಿ ಕೂರುವುದನ್ನೂ ಕಲಿಸಬೇಕು ಎಂದು. ಅಮೆರಿಕದಲ್ಲಿ ಗೇಲ್ ಬೌಶಿ ಮತ್ತು ಜೋನ್ ಮೋಸರ್ ಎಂಬ ಅಕ್ಕ-ತಂಗಿ ಟೀಚರುಗಳಿದ್ದಾರೆ. 2006ರಲ್ಲಿ 'ದಿ ಡೈಲಿ ಫೈವ್' ಎಂಬ ಪುಸ್ತಕ ಬರೆದವರು. ಅವರ ಕ್ರಮ ಸರಳ. ಮೊದಲ ದಿನ ಮೂರೇ ನಿಮಿಷ. ಯಾರಾದರೂ ಒಬ್ಬರು ಎದ್ದರೂ, ಮಾತಾಡಿದರೂ ಅಲ್ಲಿಗೇ ನಿಲ್ಲಿಸಿಬಿಡಬೇಕು. ಬೈಯುವಂತಿಲ್ಲ, ಕಣ್ಣು ಬಿಡುವಂತಿಲ್ಲ. ಎಲ್ಲರನ್ನೂ ಕರೆದು, ಯಾವುದು ಚೆನ್ನಾಗಿ ಆಯಿತು ಎಂದು ಮಾತಾಡಿ ಮತ್ತೆ ಶುರು ಮಾಡಬೇಕು. ಮೂರು ನಿಮಿಷ ಕೂತರೆ ಮರುದಿನ ನಾಲ್ಕು.

ಇನ್ನೊಂದು ಉಪಾಯವೂ ಅವರದೇ. ಮಗುವೊಂದನ್ನು ಕರೆದು ಓದುವಾಗ ಹೇಗಿರಬಾರದೋ ಹಾಗೆ ಮಾಡಿ ತೋರಿಸು ಅನ್ನುವುದು! ನಮ್ಮ ಟೋಪಿ ಮಹಾರಾಯನನ್ನೇ ಕರೆದೆವು. ಅವನು ಪುಸ್ತಕ ಬೀಸಿದ, ಪಕ್ಕದವನಿಗೆ ಜಿಗುಟಿದ, ಉರುಳಾಡಿದ. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. "ಈಗ ಸರಿಯಾಗಿ ಮಾಡಿ ತೋರಿಸು" ಎಂದಾಗ ಅದೇ ಹುಡುಗ ಚಕ್ಕಳಮಕ್ಕಳ ಹಾಕಿ, ಪುಸ್ತಕ ತೊಡೆಯ ಮೇಲಿಟ್ಟು ಪುಟ ಮಗುಚಿದ. ಅವನಿಗೂ ಬರುತ್ತದೆ ಅನ್ನುವುದು ಅವನಿಗೇ ಗೊತ್ತಾಯಿತು.

ಬೆಳಿಗ್ಗೆ ಹಾಲು ಕುಡಿದ ಕೂಡಲೇ ಓದಿನ ಹೊತ್ತು ಎಂದು ಗೊತ್ತು ಮಾಡಿದೆವು. ಲೋಟ ತೊಳೆದಿಟ್ಟರೆ ಪುಸ್ತಕ. ಯಾವ ಗಂಟೆಯೂ ಹೊಡೆಯುವುದು ಬೇಡ. ದಿನಾ ಒಂದೇ ಕೆಲಸದ ಹಿಂದೆ ಓದು ಬಂದರೆ ಮಕ್ಕಳಿಗೆ ನೆನಪಿಸುವ ಅಗತ್ಯ ಬೀಳುವುದಿಲ್ಲ. ಕೂತ ನಿಮಿಷವನ್ನು ಕೆಳಗಿನ ಕಪ್ಪುಹಲಗೆಯಲ್ಲಿ ಮಕ್ಕಳೇ ಬರೆಯುತ್ತಿದ್ದರು. 3, 3, 4, 2, 4, 5... ಮಧ್ಯೆ ಇಳಿದದ್ದೂ ಉಂಟು. ಮಳೆ ಜೋರಾದ ದಿನ, ಮಾರನೇ ದಿನ ಹಬ್ಬ ಅಂದಾಗ ಎರಡಕ್ಕಿಳಿಯುತ್ತಿತ್ತು. ದಸರಾ ರಜೆಯ ಹೊತ್ತಿಗೆ ಹನ್ನೆರಡಕ್ಕೆ ಬಂದು ನಿಂತೆವು. ಈ ವಯಸ್ಸಿಗೆ ಅದು ಕಡಿಮೆಯೇನಲ್ಲ.

ಓದು ಮೂರು ಥರ

"ಆಂಟಿ, ನಂಗೆ ಓದಕ್ಕೇ ಬರಲ್ವಲ್ಲ" ಎಂದು ಒಂದನೇ ಕ್ಲಾಸಿನ ಪುಟಾಣಿ ಮೊದಲ ವಾರವೇ ಕೇಳಿದಳು. ಸರಿಯಾದ ಪ್ರಶ್ನೆ! ಅಕ್ಷರವೇ ಬಾರದ ಮಗು ಏನು ಓದಬೇಕು?

ಆ ಅಕ್ಕ-ತಂಗಿಯರ ಪುಸ್ತಕದಲ್ಲಿ ಇದಕ್ಕೂ ಉತ್ತರ ಇತ್ತು. ಓದು ಮೂರು ಥರ. ಒಂದು, ಚಿತ್ರ ಓದುವುದು. ಎರಡು, ಅಕ್ಷರ ಓದುವುದು. ಮೂರು, ಈಗಾಗಲೇ ಕೇಳಿದ ಕಥೆಯನ್ನು ಪುಟ ತಿರುಗಿಸುತ್ತಾ ತನ್ನ ಮಾತಲ್ಲಿ ಹೇಳಿಕೊಳ್ಳುವುದು. ಮೂರೂ ಓದೇ. ಟೀಚರ್ ಒಂದು ಪುಸ್ತಕವನ್ನು ಮೂರು ದಿನ ಮೂರು ಥರ ಓದಿ ತೋರಿಸಿದರು. ಚಿತ್ರ ಓದುವ ದಿನ ಅಕ್ಷರ ಮುಟ್ಟಲೇ ಇಲ್ಲ. "ಈ ಅಜ್ಜಿ ಯಾಕೆ ಬಾಗಿಲ ಹಿಂದೆ ನಿಂತಿದಾಳೆ? ಕೈಯಲ್ಲಿ ಏನಿದೆ?" ಅಂತ ತಾವೇ ಕೇಳಿಕೊಂಡು ತಾವೇ ಹೇಳುತ್ತಾ ಹೋದರು.

ಇದರಿಂದ ನನ್ನ ಮಗಳ ಸಮಸ್ಯೆಯೂ ಬೇರೆ ಥರ ಕಂಡಿತು. ಬಾಯಿಪಾಠ ಹೇಳುವುದು ಮೋಸ ಅಂದುಕೊಂಡಿದ್ದೆ. ಅದು ಮೂರನೇ ಥರದ ಓದಿನ ಹತ್ತಿರದ್ದು. ಕಥೆ ಗೊತ್ತಿದೆ, ಇನ್ನು ಕಣ್ಣನ್ನು ಅಕ್ಷರದ ಮೇಲೆ ತರಬೇಕು, ಅಷ್ಟೇ. "ಕಥೆ ಗೊತ್ತಲ್ವಾ, ಈಗ ಈ ಪುಟದಲ್ಲಿ 'ಆನೆ' ಎಲ್ಲೆಲ್ಲಿದೆ ಹುಡುಕು" ಎಂದರೆ ಸಾಕು, ಕಣ್ಣು ತಾನಾಗಿ ಕೆಳಗೆ ಬರುತ್ತಿತ್ತು.

ಮತ್ತೊಂದು ವಿಷಯ, ಸದ್ದು. ನಾವು 'ಸೈಲೆನ್ಸ್' ಎಂದು ತುಟಿಯ ಮೇಲೆ ಬೆರಳಿಡುತ್ತೇವೆ. ಈ ವಯಸ್ಸಿನ ಮಕ್ಕಳಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದು ಇನ್ನೂ ಬಂದಿರುವುದಿಲ್ಲ. ಗುಣುಗುಣು ಅನ್ನುತ್ತಾರೆ, ಅನ್ನಲಿ ಬಿಡಿ. ಪಕ್ಕದವರಿಗೆ ಕೇಳಿಸದಿದ್ದರೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಜಾಗ ಗೊತ್ತು ಮಾಡಿ ಸ್ವಲ್ಪ ದೂರ ಕೂರಿಸಿದರೆ ಇದು ತೊಂದರೆಯೇ ಆಗುವುದಿಲ್ಲ.

ಮರ್ಯಾದೆಗೆ ಒಂದು, ಓದಿಗೆ ಎರಡು

ಕೂರುವ ಮೊದಲೇ ಪ್ರತಿ ಮಗು ಮೂರು ಪುಸ್ತಕ ಆರಿಸಿಕೊಳ್ಳಬೇಕು ಎಂಬ ನಿಯಮ ಮಾಡಿದೆವು. ಮಧ್ಯೆ ಎದ್ದು ಬದಲಿಸುವಂತಿಲ್ಲ. ಅರ್ಧ ಗಲಾಟೆ ಇದರಿಂದಲೇ ನಿಂತಿತು. ಪುಸ್ತಕ ಕಷ್ಟವೋ ಸುಲಭವೋ ನೋಡೋಕೆ ಬೆರಳಿನ ಲೆಕ್ಕ. ಯಾವುದಾದರೂ ಒಂದು ಪುಟ ತೆಗೆದು ಓದುವುದು, ಬಾರದ ಪದಕ್ಕೊಂದು ಬೆರಳು ಮಡಚುವುದು. ಐದೂ ಮಡಚಿದರೆ ಆ ಪುಸ್ತಕ ಸದ್ಯಕ್ಕೆ ಬೇಡ ಅಂತ ಲೆಕ್ಕ. ಪುಟಕ್ಕೆ ಎರಡೇ ಸಾಲಿರುವ ಪುಸ್ತಕಕ್ಕೆ ಐದು ಬಹಳ ಆಯಿತು, ನಾವು ಎರಡಕ್ಕೆ ಇಳಿಸಿಕೊಂಡೆವು.

ಮೂರನೇ ಕ್ಲಾಸಿನ ಹುಡುಗನೊಬ್ಬ ಯಾವ ಲೆಕ್ಕಕ್ಕೂ ಸಿಗಲಿಲ್ಲ. ದಿನಾ ಮೂರೂ ಕೆಂಪು ಸ್ಟಿಕ್ಕರಿನ ದಪ್ಪ ಪುಸ್ತಕ. ಗಂಭೀರವಾಗಿ ಪುಟ ಮಗುಚುತ್ತಿದ್ದ. ಅವನಿಗೆ ಕಾಗುಣಿತ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಅವನಮ್ಮ ಬೆಳಗಾದರೆ ಗಾರ್ಮೆಂಟ್ಸಿಗೆ ಹೋಗುವವಳು, ಮನೆಯಲ್ಲಿ ಓದಿಸುವವರಿಲ್ಲ. ತನಗಿಂತ ಚಿಕ್ಕವರ ಎದುರು ಹಸಿರು ಪುಸ್ತಕ ಹಿಡಿಯೋಕೆ ಅವನಿಗೆ ನಾಚಿಕೆ. ನಾನಾಗಿದ್ದರೆ ಕಿತ್ತುಕೊಂಡು ಹಸಿರು ಕೊಡುತ್ತಿದ್ದೆ. ಟೀಚರ್ ಹಾಗೆ ಮಾಡಲಿಲ್ಲ. "ಒಂದು ಕೆಂಪು ಇಟ್ಕೋ, ಎರಡು ಹಸಿರು ತಗೋ. ಆ ಹಸಿರು ನಿನಗಲ್ಲ ಕಣೋ, ಒಂದನೇ ಕ್ಲಾಸಿನವರಿಗೆ ಶುಕ್ರವಾರ ನೀನು ಓದಿ ಹೇಳಬೇಕು. ಅದಕ್ಕೆ ತಯಾರಿ" ಎಂದರು.

ಅವನ ಮುಖ ನೋಡಬೇಕಿತ್ತು! ಚಿಕ್ಕವರಿಗೆ ಓದಿ ಹೇಳೋಕೆ ಅಂತ ಅದೇ ಹಸಿರು ಪುಸ್ತಕವನ್ನು ನಾಲ್ಕು ದಿನ ಓದಿದ. ಎಡವಿದಲ್ಲಿ ಟೀಚರನ್ನು ಗುಟ್ಟಾಗಿ ಕೇಳಿದ. ಶುಕ್ರವಾರ ಮೂರು ಪುಟಾಣಿಗಳನ್ನು ಮುಂದೆ ಕೂರಿಸಿಕೊಂಡು ಬೆರಳಿಟ್ಟು ಓದಿ ಹೇಳಿದ. ಸುಲಭದ ಪುಸ್ತಕ ಓದುವುದಕ್ಕೆ ಅವನಿಗೆ ಬೇಕಾಗಿದ್ದದ್ದು ಒಂದು ಮರ್ಯಾದೆಯ ಕಾರಣ ಮಾತ್ರ. ಹಿಂದೆ ಬಿದ್ದ ಮಕ್ಕಳಿರುವ ಪ್ರತಿ ತರಗತಿಯಲ್ಲೂ ಇದನ್ನು ಮಾಡಬಹುದು.

ಟೀಚರ್ ಆಗ ಏನು ಮಾಡಬೇಕು?

ಮಕ್ಕಳು ಓದುತ್ತಿದ್ದಾರಲ್ಲ ಎಂದು ಟೀಚರ್ ಹಾಜರಿ ಪುಸ್ತಕ ತೆಗೆದರೆ, ನನ್ನಂಥವರು ಮೊಬೈಲ್ ತೆಗೆದರೆ ಕೆಲಸ ಕೆಟ್ಟಿತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಓದಿನ ಸಮಿತಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಮಕ್ಕಳನ್ನು ಸುಮ್ಮನೆ ಓದೋಕೆ ಬಿಟ್ಟರಷ್ಟಕ್ಕೇ ಓದು ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ ಎಂದಿತ್ತು. ಇದರ ಮೇಲೆ ಅಲ್ಲಿ ಬಹಳ ಚರ್ಚೆಯಾಯಿತು. ನನಗೆ ಅನ್ನಿಸಿದ್ದಿಷ್ಟು, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು ಬೇಕು.

ನಮ್ಮ ಟೀಚರ್ ಒಂದು ಹೊತ್ತಿಗೆ ಮೂರು ಮಕ್ಕಳ ಹತ್ತಿರ ಹೋಗುತ್ತಿದ್ದರು. ಪಕ್ಕದಲ್ಲಿ ನೆಲದ ಮೇಲೇ ಕೂತು, ಮೆಲ್ಲಗೆ "ನಂಗೂ ಒಂದ್ಸ್ವಲ್ಪ ಓದಿ ಹೇಳು" ಅನ್ನುವುದು. ಎರಡೇ ನಿಮಿಷ. ಎಲ್ಲಿ ನಿಂತಿತು, ಯಾವ ಒತ್ತಕ್ಷರ ಬರಲಿಲ್ಲ ಎಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ದಿನಕ್ಕೆ ಮೂರಾದರೆ ಇಪ್ಪತ್ತೆಂಟು ಮಕ್ಕಳ ಸರದಿ ಹತ್ತು ದಿನಕ್ಕೊಮ್ಮೆ ಬರುತ್ತದೆ. ಓದು ಬಾರದವರ ಸರದಿ ಬೇಗ ಬೇಗ ಬರುವ ಹಾಗೆ ನೋಡಿಕೊಳ್ಳುತ್ತಿದ್ದರು. ತಪ್ಪನ್ನೆಲ್ಲ ತಿದ್ದುತ್ತಿರಲಿಲ್ಲ, ಒಂದನ್ನು ಮಾತ್ರ ಹೇಳಿಕೊಟ್ಟು ಏಳುತ್ತಿದ್ದರು.

ಕೊನೆಗೆ "ಈ ಕಥೆಯ ನೀತಿ ಏನು?" ಎಂದು ಕೇಳುವ ಚಟ ನಮಗೆಲ್ಲ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ನೀತಿ ಹೇಳಬೇಕಾಗುತ್ತೆ ಅನ್ನುವ ಹೆದರಿಕೆಗೇ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಬದಲಿಗೆ "ಯಾವ ಚಿತ್ರ ಇಷ್ಟ ಆಯ್ತು, ಪಕ್ಕದವರಿಗೆ ತೋರಿಸು" ಎಂದರೆ ಎರಡು ನಿಮಿಷದಲ್ಲಿ ಕೋಣೆಯೆಲ್ಲ ಜೇನುಗೂಡು!

ಟೀಚರ್ ಇಲ್ಲದ ಆ ವಾರ

ಎಲ್ಲವೂ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಡಿಸೆಂಬರಿನಲ್ಲಿ ಟೀಚರನ್ನು ಒಂದು ವಾರ ಬೇರೆ ಡ್ಯೂಟಿಗೆ ಹಾಕಿದರು. ಅದೇ ವಾರ ನಮ್ಮ ಅತ್ತೆಗೆ ಹುಷಾರಿಲ್ಲದೆ ನಾನೂ ಹೋಗಲಾಗಲಿಲ್ಲ. ಮುಗೀತು, ಮತ್ತೆ ಮೂರು ನಿಮಿಷದಿಂದ ಶುರು ಮಾಡಬೇಕು ಎಂದುಕೊಂಡೇ ಸೋಮವಾರ ಹೋದೆ. ಕಪ್ಪುಹಲಗೆಯಲ್ಲಿ 10, 8, 9, 4 ಎಂದು ಬರೆದಿತ್ತು. "ಯಾರೇ ಬರೆದಿದ್ದು?" ಎಂದೆ. ಮೂರನೇ ಕ್ಲಾಸಿನ ಹುಡುಗಿ ಮುಂದೆ ಬಂದು, "ನಾವೇ ಆಂಟಿ. ಹಾಲು ಕುಡಿದ ಮೇಲೆ ಓದಿದ್ವಿ. ಪಕ್ಕದ ಕ್ಲಾಸಿನ ಮೇಷ್ಟ್ರು ಗಡಿಯಾರ ನೋಡಿ ಹೇಳ್ತಿದ್ರು. ಶುಕ್ರವಾರ ಮಾತ್ರ ಜಗಳ ಆಯ್ತು, ಅದಕ್ಕೇ ನಾಲ್ಕು" ಎಂದಳು.

ಯಾರೂ ಹೇಳದೆ ಓದೋಕೆ ಕೂತಿದ್ದರಲ್ಲ! ಅಷ್ಟು ದಿನದ ನಮ್ಮ ಪಾಡಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ವರ್ಷದ ಕೊನೆಗೆ ಲೆಕ್ಕ ಒಪ್ಪಿಸಬೇಕಲ್ಲ. ಒಂಬತ್ತು ಪುಸ್ತಕ ಹರಿದಿದ್ದವು, ಎರಡು ಕಾಣೆ. ಹರಿದದ್ದಕ್ಕೆ ಮೊದಲೇ ಒಂದು 'ಪುಸ್ತಕದ ಆಸ್ಪತ್ರೆ' ಡಬ್ಬ ಇಟ್ಟಿದ್ದೆವು. ಹರಿದವರು ಮುಚ್ಚಿಡದೆ ಅದರಲ್ಲಿ ಹಾಕುವುದು, ಶನಿವಾರ ಅಂಟಿಸುವುದು. ನಡಾವಳಿಯಲ್ಲಿ ಬರೆದಾಯಿತು, ಹೆಡ್‌ಮಾಷ್ಟ್ರು ನಕ್ಕು ಸಹಿ ಹಾಕಿದರು. ಇನ್ನೂ ಆರೇಳು ಮಕ್ಕಳು ಚಿತ್ರದಲ್ಲೇ ಇದ್ದಾರೆ. ಅದನ್ನೂ ಹೇಳಿಬಿಡಬೇಕು. ಮೂರನೇ ತರಗತಿ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿಯಿಂದ ಕೇಂದ್ರ ಸರ್ಕಾರ 2021ರಲ್ಲಿ 'ನಿಪುಣ್ ಭಾರತ್' ಆರಂಭಿಸಿತು. ಗುರಿ ಒಳ್ಳೆಯದೇ. ಆದರೆ ಅಲ್ಲಿಗೆ ಹೋಗುವ ದಾರಿ ದಿನದ ಈ ಹತ್ತು ನಿಮಿಷದಲ್ಲೇ ಇದೆ ಅನ್ನುವುದು ನನ್ನ ಅನುಭವ.

ಪುಸ್ತಕ ಎಲ್ಲಿಂದ ತರೋದು?

ಶಾಲೆಯಲ್ಲಿ ಪುಸ್ತಕ ಕಡಿಮೆಯಿದ್ದರೆ ಚಿಂತೆ ಬೇಡ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ನಾಲ್ಕು ಹಂತಗಳಾಗಿ ವಿಂಗಡಿಸಿಯೂ ಇಟ್ಟಿದ್ದಾರೆ. ಮುದ್ರಿಸಿಕೊಂಡು ಹೊಲಿದರೆ ಪುಸ್ತಕ ಸಿದ್ಧ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲೂ ಕನ್ನಡ ಪುಸ್ತಕಗಳಿವೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡರು. ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಚಾಕಲೇಟ್ ಹಂಚುವ ಬದಲು ಒಂದು ಕಥೆ ಪುಸ್ತಕ ಕೊಡಿ ಎಂದು ಉಳಿದ ಅಮ್ಮಂದಿರಿಗೂ ಹೇಳಿ.

ಮನೆಯಲ್ಲೂ ಹೀಗೆ ಮಾಡಿ

* ದಿನಾ ಒಂದೇ ಹೊತ್ತು ಇರಲಿ. ಸಂಜೆ ಹಾಲು ಕುಡಿದ ಮೇಲೆ ಅಥವಾ ದೀಪ ಹಚ್ಚಿದ ಮೇಲೆ. ಮೂರು ನಿಮಿಷದಿಂದ ಶುರು ಮಾಡಿ.
* ಪುಸ್ತಕ ಮಗುವೇ ಆರಿಸಲಿ. ಒಂದೇ ಪುಸ್ತಕವನ್ನು ಹತ್ತು ಸಲ ಓದಿದರೂ ಬೇಡ ಅನ್ನಬೇಡಿ.
* ಮಗು ತಡವರಿಸಿದ ಕೂಡಲೇ ಬಾಯಿ ಹಾಕಬೇಡಿ. ಮನಸ್ಸಿನಲ್ಲೇ ಐದು ಎಣಿಸಿ, ಆಮೇಲೆ ಹೇಳಿಕೊಡಿ.
* ಆ ಹೊತ್ತಿನಲ್ಲಿ ಟಿವಿ ಆಫ್, ಮೊಬೈಲ್ ದೂರ. ನೀವೂ ಪೇಪರೋ ಪುಸ್ತಕವೋ ಹಿಡಿದು ಪಕ್ಕದಲ್ಲೇ ಕೂರಿ.
* ಅಕ್ಕನ ಮಗಳು, ಪಕ್ಕದ ಮನೆ ಹುಡುಗ ಎಂದು ಹೋಲಿಸಬೇಡಿ.
* ಓದು ಶಿಕ್ಷೆ ಆಗದಿರಲಿ. "ತಂಟೆ ಮಾಡಿದ್ಯಾ, ಹೋಗಿ ಓದ್ಕೋ" ಎಂದರೆ ಪುಸ್ತಕ ಕಂಡರೆ ಓಡುತ್ತಾರೆ.
* ಹೊಡೆಯಬೇಡಿ. ಇದನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಮೊನ್ನೆ ಸಂಜೆ ಯಜಮಾನರು ಬಿಸಿ ಬೋಂಡಾ ಕಟ್ಟಿಸಿಕೊಂಡು ಬಂದರು. ಬೋಂಡಾ ಖಾಲಿಯಾದ ಮೇಲೆ ಮಗಳು ಎಣ್ಣೆ ಹತ್ತಿದ ಆ ಪೇಪರ್ ಚೂರನ್ನು ನೆಲದ ಮೇಲೆ ಹರವಿಕೊಂಡು ಕೂತಿದ್ದಳು. "ರೈ... ತ... ರೈತರಿಗೆ... ಬಿ... ತ್ತ... ಬಿತ್ತನೆ..." ಅಲ್ಲಿಗೆ ಚೂರು ಹರಿದಿತ್ತು. "ಅಮ್ಮಾ, ಮುಂದೇನಾಯ್ತು?" ಎಂದಳು. ತಡವರಿಸಿಯೇ ಓದಿದ್ದಳು, ಒತ್ತಕ್ಷರಕ್ಕೆ ಎರಡು ಸಲ ನಿಂತಿದ್ದಳು. ಆದರೆ ಕಣ್ಣು ಕಾಗದದ ಮೇಲೇ ಇತ್ತು.

ನಿಮ್ಮ ಊರಿನ ಶಾಲೆಯ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ? ನಾಳೆ ಮಗುವನ್ನು ಬಿಡೋಕೆ ಹೋದಾಗ ಒಮ್ಮೆ ಕೇಳಿ ನೋಡಿ, ಏನಂತೀರಿ?